ತೊಗರಿ ಮಿಲ್ಲಿನ ಗದ್ದಲದಲ್ಲಿ ಒಂದು ಸಣ್ಣ ಸ್ವರ ಹಿಡಿಯುವುದು ಹೇಗೆ?

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಕಡೆ ಜನವರಿಯಲ್ಲಿ ಒಮ್ಮೆ ಹೋಗಿ ನೋಡಿ. ಹೊಸ ತೊಗರಿ ಬಂದಿರುತ್ತದೆ, ಬೇಳೆ ಮಿಲ್ಲುಗಳು ಪುರಸೊತ್ತಿಲ್ಲದೆ ಓಡುತ್ತಿರುತ್ತವೆ. ಒಳಗೆ ಕಾಲಿಟ್ಟರೆ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ತಗಡಿನ ಮೇಲೆ ಕಾಳು ಸುರಿಯುವ ಸದ್ದು, ಜರಡಿ ಅಲುಗುವ ಸದ್ದು, ರೋಲರ್ ಉಜ್ಜುವ ಸದ್ದು, ಎಲ್ಲ ಕಲಸಿಹೋಗಿರುತ್ತವೆ. ಅಂಥ ಒಂದು ಮಿಲ್ಲಿನ ಮಾಲೀಕರು ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ಸರ, ಹೊಟ್ಟು ಊದೋ ಬ್ಲೋವರ್ ಸದ್ದು ಬ್ಯಾರೆ ಬರ್ಲತ್ತದ್ರಿ. ಬೇಳ್ಯಾಗ ಹೊಟ್ಟು ಉಳೀಲತ್ತದ. ಬೆಲ್ಟ್ ನೋಡಿದ್ರ ಛಲೋನೇ ಅದ."

ನನಗಂತೂ ಯಾವ ಸದ್ದೂ ಬೇರೆ ಅನಿಸಲಿಲ್ಲ. ವರ್ಷಗಟ್ಟಲೆ ಅದೇ ಗದ್ದಲದಲ್ಲಿ ಕೂತವರ ಕಿವಿಯೇ ಬೇರೆ, ಕ್ಲಾಸಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನ ಕಿವಿಯೇ ಬೇರೆ. ಆದರೆ ಕಿವಿಗೆ ಸಿಗದ್ದು, ಕೇಳುತ್ತಾ ತನ್ನನ್ನು ತಾನೇ ತಿದ್ದಿಕೊಳ್ಳುವ ಲೆಕ್ಕಕ್ಕೆ, ಅಂದರೆ ಅಡಾಪ್ಟಿವ್ ಫಿಲ್ಟರ್‌ಗೆ ಸಿಗಬಹುದು ಅನಿಸಿತು. ಒಂದು ಫೋನು, ಒಂದು ಲ್ಯಾಪ್‌ಟಾಪ್, ಪೈಥಾನ್‌ನಲ್ಲಿ ಸ್ವಲ್ಪ ಕೈ ಆಡಿದ್ದರೆ ನೀವೂ ಇದನ್ನು ಮಾಡಬಹುದು. ಹೇಗೆ ಅಂತ ನೋಡೋಣ. ನಾನು ಎಲ್ಲಿ ಎಡವಿದೆ ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಏನು ಹುಡುಕಬೇಕು ಅಂತ ಮೊದಲು ಲೆಕ್ಕ ಹಾಕಿ

ಲ್ಯಾಪ್‌ಟಾಪ್ ತೆಗೆಯುವ ಮೊದಲು ಪೆನ್ನು ತೆಗೆಯಿರಿ. ಬ್ಲೋವರ್‌ನ ರೆಕ್ಕೆಗಳು ಗಾಳಿಯನ್ನು ಕಡಿಯುವಾಗ ಒಂದು ಸ್ವರ ಹುಟ್ಟುತ್ತದೆ. ಸೆಕೆಂಡಿಗೆ ಎಷ್ಟು ಸುತ್ತು, ಎಷ್ಟು ರೆಕ್ಕೆ, ಎರಡನ್ನೂ ಗುಣಿಸಿದರೆ ಅದೇ ಆ ಸ್ವರದ ಫ್ರೀಕ್ವೆನ್ಸಿ. ಈ ಮಿಲ್ಲಿನ ಮೋಟಾರಿನ ಪ್ಲೇಟಿನ ಮೇಲೆ 1440 ಆರ್‌ಪಿಎಂ ಅಂತ ಇತ್ತು. ಮೋಟಾರಿನ ಪುಲ್ಲಿ 5 ಇಂಚು, ಬ್ಲೋವರ್ ಪುಲ್ಲಿ 4 ಇಂಚು. ಅಂದರೆ ಬ್ಲೋವರ್ 1800 ಆರ್‌ಪಿಎಂ, ಸೆಕೆಂಡಿಗೆ 30 ಸುತ್ತು. ರೆಕ್ಕೆ 8. ಹಾಗಾಗಿ 240 ಹರ್ಟ್ಸ್.

ಇಲ್ಲಿ ಒಂದು ಸೂಕ್ಷ್ಮ ಇದೆ. 1440 ಅನ್ನುವುದು ಪೂರ್ತಿ ಲೋಡ್ ಇದ್ದಾಗಿನ ವೇಗ. ನಮ್ಮ 50 ಹರ್ಟ್ಸ್ ಕರೆಂಟಿಗೆ ನಾಲ್ಕು ಪೋಲಿನ ಇಂಡಕ್ಷನ್ ಮೋಟಾರ್ 1500ರ ಹತ್ತಿರ ತಿರುಗಬೇಕು, ಲೋಡ್ ಬಿದ್ದಂತೆ ಸ್ವಲ್ಪ ಹಿಂದೆ ಬೀಳುತ್ತದೆ. ಲೋಡ್ ಇಲ್ಲದಾಗ 1490 ಅಂತ ಇಟ್ಟುಕೊಂಡರೆ ಸ್ವರ 248ರಲ್ಲಿ ಇರುತ್ತದೆ. ಹಾಗಾಗಿ 248ರಿಂದ 240ರವರೆಗೆ ಇಳಿದರೆ ಅದು ಮೋಟಾರಿನ ಸಹಜ ಗುಣ. 240ಕ್ಕಿಂತ ಕೆಳಗೆ ಹೋದರೆ ಬೆಲ್ಟ್ ಜಾರುತ್ತಿದೆ ಅಂತ ಅನುಮಾನ ಪಡಬೇಕು. ಕರೆಂಟಿನ ಫ್ರೀಕ್ವೆನ್ಸಿ ಏರಿಳಿದರೆ? ಗ್ರಿಡ್ ನಿಯಮದ ಪ್ರಕಾರ ಅದು 49.90ರಿಂದ 50.05 ಹರ್ಟ್ಸ್ ಒಳಗೆ ಇರಬೇಕು. ಅದರಿಂದ ನಮ್ಮ ಸ್ವರ ಅರ್ಧ ಹರ್ಟ್ಸ್ ಆಚೀಚೆ ಆಗಬಹುದು ಅಷ್ಟೆ. ಬಿಟ್ಟುಬಿಡಿ.

ಮೋಟಾರಿನ ಕಬ್ಬಿಣವೂ ಗುಂಯ್ ಅನ್ನುತ್ತದೆ. ಅದು 100, 200, 300 ಹರ್ಟ್ಸ್‌ನಲ್ಲಿ ಬರುತ್ತದೆ. ಇದನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಫಿಲ್ಟರ್ ಒಳಗೆ ನಡೆಯುವುದೇನು?

ಶರಣಬಸವೇಶ್ವರ ಜಾತ್ರೆಯಲ್ಲಿ ಪೀಪಿ ಊದುವ ಹುಡುಗನನ್ನು ನೆನಪು ಮಾಡಿಕೊಳ್ಳಿ. ಸುತ್ತ ಸಾವಿರ ಜನರ ಗದ್ದಲ. ಈ ಕ್ಷಣದ ಗದ್ದಲ ಕೇಳಿ ಮುಂದಿನ ಕ್ಷಣದ ಗದ್ದಲ ಹೀಗೇ ಇರುತ್ತದೆ ಅಂತ ಹೇಳಲು ಆಗುವುದಿಲ್ಲ. ಆದರೆ ಪೀಪಿಯ ಸ್ವರ ಈಗ ಹೇಗಿದೆಯೋ ಸ್ವಲ್ಪ ಹೊತ್ತಿನ ನಂತರವೂ ಹಾಗೇ ಇರುತ್ತದೆ. ಹಳೆಯದನ್ನು ಕೇಳಿ ಈಗಿನದನ್ನು ಊಹಿಸಿ ಅಂದರೆ, ಊಹೆಗೆ ಸಿಗುವುದು ಪೀಪಿ ಮಾತ್ರ.

ಇಡೀ ಉಪಾಯ ಇಷ್ಟೇ. ಇದಕ್ಕೆ ಅಡಾಪ್ಟಿವ್ ಲೈನ್ ಎನ್‌ಹಾನ್ಸರ್ ಅಂತ ಹೆಸರು. ಕಂಪ್ಯೂಟರಿಗೆ ಧ್ವನಿ ಅಂದರೆ ಸೆಕೆಂಡಿಗೆ ಸಾವಿರಾರು ಸಲ ಅಳೆದ ಸಂಖ್ಯೆಗಳ ಸಾಲು, ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಧ್ವನಿಯ ಒಂದು ಪ್ರತಿಯನ್ನು ಸ್ವಲ್ಪ ತಡ ಮಾಡಿ ಫಿಲ್ಟರ್‌ಗೆ ಕೊಡುತ್ತೇವೆ. ಆ ಹಳೆಯ ಸ್ಯಾಂಪಲ್‌ಗಳಿಂದ ಈಗಿನ ಸ್ಯಾಂಪಲ್ ಎಷ್ಟು ಅಂತ ಫಿಲ್ಟರ್ ಊಹಿಸುತ್ತದೆ. ತಪ್ಪಾದಷ್ಟೂ ತನ್ನ ತೂಕಗಳನ್ನು, ಅಂದರೆ ಯಾವ ಹಳೆಯ ಸ್ಯಾಂಪಲನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆಗಳನ್ನು, ತಾನೇ ತಿದ್ದಿಕೊಳ್ಳುತ್ತದೆ. ಸ್ವರ ಎಲ್ಲಿದೆ ಅಂತ ನಾವು ಹೇಳಿಕೊಡಬೇಕಾಗಿಲ್ಲ, ಅದೇ ಹುಡುಕಿಕೊಳ್ಳುತ್ತದೆ.

ತಿದ್ದಿಕೊಳ್ಳುವ ಈ ವಿಧಾನಕ್ಕೆ ಲೀಸ್ಟ್ ಮೀನ್ ಸ್ಕ್ವೇರ್ಸ್, ಚಿಕ್ಕದಾಗಿ ಎಲ್‌ಎಂಎಸ್ ಅನ್ನುತ್ತಾರೆ. ಇದನ್ನು 1960ರಲ್ಲಿ ಸ್ಟ್ಯಾನ್‌ಫರ್ಡ್‌ನ ಬರ್ನಾರ್ಡ್ ವಿಡ್ರೋ ಮತ್ತು ಅವರ ವಿದ್ಯಾರ್ಥಿ ಟೆಡ್ ಹಾಫ್ ಪ್ರಕಟಿಸಿದರು. ಮುಂದೆ ಇಂಟೆಲ್ ಸೇರಿ 4004 ಮೈಕ್ರೋಪ್ರೊಸೆಸರ್‌ಗೆ ರೂಪ ಕೊಟ್ಟವರಲ್ಲಿ ಒಬ್ಬರು ಇದೇ ಹಾಫ್. 1975ರಲ್ಲಿ ವಿಡ್ರೋ ಮತ್ತು ಸಂಗಡಿಗರು ಇದೇ ವಿಧಾನ ಬಳಸಿ, ತಾಯಿಯ ಎದೆಬಡಿತವನ್ನು ಕಳೆದು ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಬೇರೆ ಮಾಡಿ ತೋರಿಸಿದರು. ಬೇಳೆ ಮಿಲ್ಲು ಅದರ ಮುಂದೆ ಸುಲಭದ ಕೆಲಸ ಅಲ್ವಾ?

ಧ್ವನಿ ಹಿಡಿಯುವುದು

ನನ್ನ ಮೊದಲ ಎರಡು ಪ್ರಯತ್ನ ಕೆಟ್ಟಿದ್ದು ಇಲ್ಲೇ. ಮೊದಲ ಸಲ ಫೋನಿನಲ್ಲಿದ್ದ ಮಾಮೂಲಿ ರೆಕಾರ್ಡರ್ ಬಳಸಿದೆ. ಅದು ಮನುಷ್ಯರ ಮಾತಿಗಾಗಿ ಮಾಡಿದ್ದು. ಒಂದೇ ಸಮನೆ ಬರುವ ಸ್ವರವನ್ನು ಗದ್ದಲ ಅಂದುಕೊಂಡು ತಾನೇ ಅಳಿಸಿಹಾಕಿತ್ತು! ನಮಗೆ ಬೇಕಾದದ್ದೇ ಅದು. ಹಾಗಾಗಿ ನಾಯ್ಸ್ ರಿಡಕ್ಷನ್, ಆಟೋ ಗೇನ್ ಎರಡನ್ನೂ ಆಫ್ ಮಾಡಲು ಬರುವ ಆ್ಯಪ್ ಹುಡುಕಿ. ಎಂಪಿ3 ಬೇಡ, ವೇವ್ ಫೈಲ್ ಇರಲಿ. 48,000 ಸ್ಯಾಂಪಲ್ ದರ ಇಟ್ಟುಕೊಳ್ಳಿ.

ಎರಡನೇ ಸಲ ಲ್ಯಾಪ್‌ಟಾಪ್‌ಗೆ ಮೈಕ್ ಹಾಕಿ ಹಿಡಿದೆ. ಫಿಲ್ಟರ್ ಅರ್ಧ ನಿಮಿಷದಲ್ಲಿ 250 ಹರ್ಟ್ಸ್ ಹತ್ತಿರ ಒಂದು ಸ್ವರ ಎತ್ತಿ ತೋರಿಸಿತು. ಕುಣಿದಾಡಿಬಿಟ್ಟೆ. ಮನೆಗೆ ಬಂದು ಖಾಲಿ ರೂಮಿನಲ್ಲಿ ರೆಕಾರ್ಡ್ ಮಾಡಿದರೂ ಅದೇ 250! ಚಾರ್ಜರ್ ಸಿಕ್ಕಿಸಿಯೇ ಇತ್ತು. 50 ಹರ್ಟ್ಸ್ ಕರೆಂಟಿನ ಐದನೇ ಹಾರ್ಮೋನಿಕ್, ಅಂದರೆ ಐದು ಪಟ್ಟಿನ ಸ್ವರ ಅದು. ನಮ್ಮ ಬ್ಲೋವರ್ ಲೋಡ್ ಇಲ್ಲದಾಗ 248ರಲ್ಲಿ ಇರುತ್ತದೆ ಅನ್ನುವುದನ್ನು ನೆನೆಸಿಕೊಂಡರೆ, ಇದು ಎಂಥ ಮೋಸ ಅಂತ ಗೊತ್ತಾಗುತ್ತದೆ. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ.

ಮೈಕನ್ನು ಗಾಳಿ ಹೊರಬೀಳುವ ಬಾಯಿಗೆ ಹಿಡಿಯಬೇಡಿ, ಬರೀ ಬುಸ್ ಅಂತ ಗಾಳಿಯೇ ಸಿಗುತ್ತದೆ. ಬ್ಲೋವರ್ ಪಕ್ಕದಲ್ಲಿ, ಒಂದು ಮಾರು ದೂರದಲ್ಲಿ, ಬೆಲ್ಟಿನಿಂದ ದೂರ ನಿಂತು ಹಿಡಿಯಿರಿ. ಟವೆಲು, ದುಪಟ್ಟಾ ಏನಿದ್ದರೂ ಬಿಗಿಯಾಗಿ ಕಟ್ಟಿಕೊಳ್ಳಿ, ಬೆಲ್ಟಿಗೆ ಕರುಣೆ ಇಲ್ಲ. ಮೂರು ನಿಮಿಷದ ರೆಕಾರ್ಡಿಂಗ್ ಬೇಕು. ಜೊತೆಗೆ ಬ್ಲೋವರ್ ನಿಲ್ಲಿಸಿ, ಉಳಿದದ್ದೆಲ್ಲ ಓಡುತ್ತಿರುವಾಗ ಇನ್ನೊಂದು ಮೂರು ನಿಮಿಷ. ಈ ಎರಡನೆಯದನ್ನು ಕೊಡಲು ಮಾಲೀಕರು ಸುಲಭಕ್ಕೆ ಒಪ್ಪುವುದಿಲ್ಲ. ನಾನು ಊಟದ ಬಿಡುವಿನ ಹೊತ್ತಿನವರೆಗೆ ಕಾದು ಪಡೆದೆ. ಇದಿಲ್ಲದೆ ಮುಂದೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಸ್ಯಾಂಪಲ್ ದರ ಇಳಿಸಿ

ನಮಗೆ ಬೇಕಾದದ್ದು 300 ಹರ್ಟ್ಸ್ ಒಳಗೇ ಇದೆ. 48,000 ಸ್ಯಾಂಪಲ್ ಹೊತ್ತು ತಿರುಗುವುದು ಯಾಕೆ? ಮೊದಲು 900 ಹರ್ಟ್ಸ್ ಮೇಲಿನದನ್ನು ಲೋ ಪಾಸ್ ಫಿಲ್ಟರ್‌ನಿಂದ ಕತ್ತರಿಸಿ. ಆಮೇಲೆ ಪ್ರತಿ 24ಕ್ಕೆ ಒಂದು ಸ್ಯಾಂಪಲ್ ಇಟ್ಟುಕೊಳ್ಳಿ. ದರ 2000ಕ್ಕೆ ಇಳಿಯುತ್ತದೆ. ಕತ್ತರಿಸದೆ ನೇರವಾಗಿ ಇಳಿಸಿದರೆ ಮೇಲಿನ ಸದ್ದೆಲ್ಲ ಮಡಿಚಿಕೊಂಡು ಕೆಳಗೆ ಬಂದು ಕೂರುತ್ತದೆ. ಕೊನೆಗೆ ಎಲ್ಲ ಸ್ಯಾಂಪಲ್‌ಗಳ ಸರಾಸರಿಯನ್ನು ಕಳೆದುಬಿಡಿ. ಇಲ್ಲದಿದ್ದರೆ ಆ ಸ್ಥಿರ ಮೊತ್ತವನ್ನೂ ಫಿಲ್ಟರ್ ಸೊನ್ನೆ ಹರ್ಟ್ಸ್‌ನ ಸ್ವರ ಅಂದುಕೊಂಡು ಕಲಿಯುತ್ತದೆ.

ಮೂರು ಸಾಲಿನ ಲೆಕ್ಕ

ಪ್ರತಿ ಹೊಸ ಸ್ಯಾಂಪಲ್ ಬಂದಾಗ ಈ ಮೂರು ಕೆಲಸ ಮಾಡಬೇಕು:

ಊಹೆ = ಪ್ರತಿ ಹಳೆಯ ಸ್ಯಾಂಪಲ್ × ಅದರ ತೂಕ, ಎಲ್ಲವನ್ನೂ ಕೂಡಿಸಿ

ತಪ್ಪು = ಈಗಿನ ಸ್ಯಾಂಪಲ್ − ಊಹೆ

ಹೊಸ ತೂಕ = ಹಳೆಯ ತೂಕ + ಸ್ಟೆಪ್ × ತಪ್ಪು × ಅದೇ ಹಳೆಯ ಸ್ಯಾಂಪಲ್ ÷ (ಹಳೆಯ ಸ್ಯಾಂಪಲ್‌ಗಳ ವರ್ಗಗಳ ಮೊತ್ತ + ಒಂದು ಪುಟ್ಟ ಸಂಖ್ಯೆ)

ಸ್ಟೆಪ್ ಅಂದರೆ ಪ್ರತಿ ಸಲ ಎಷ್ಟು ತಿದ್ದಿಕೊಳ್ಳಬೇಕು ಅನ್ನುವ ಸಂಖ್ಯೆ. ಕೊನೆಯ ಸಾಲಿನ ಭಾಗಾಕಾರ ಬಿಟ್ಟರೆ ಅದು 1960ರ ಮೂಲ ಎಲ್‌ಎಂಎಸ್. ಭಾಗಿಸಿದರೆ ನಾರ್ಮಲೈಸ್ಡ್ ಎಲ್‌ಎಂಎಸ್. ಮಿಲ್ಲಿನಂಥ ಜಾಗಕ್ಕೆ ಭಾಗಿಸಿಯೇ ಮಾಡಿ. ತೊಗರಿ ಸುರಿಯಲು ಶುರು ಮಾಡಿದ ತಕ್ಷಣ ಸದ್ದು ಎಷ್ಟೋ ಪಟ್ಟು ಏರುತ್ತದೆ. ಮೂಲ ವಿಧಾನದಲ್ಲಿ ಆಗ ತೂಕಗಳು ಹುಚ್ಚೆದ್ದು ಓಡುತ್ತವೆ. ಭಾಗಿಸಿದರೆ ಸ್ಟೆಪ್ 0 ಮತ್ತು 2ರ ನಡುವೆ ಇರುವವರೆಗೆ ಭಯವಿಲ್ಲ. ಯಾರೋ ಪಕ್ಕದಲ್ಲಿ ಚೀಲ ಎತ್ತಿ ಒಗೆದರೂ ಫಿಲ್ಟರ್ ಅಷ್ಟಾಗಿ ಬೆದರುವುದಿಲ್ಲ. ಆ ಪುಟ್ಟ ಸಂಖ್ಯೆ, ಪೂರ್ತಿ ನಿಶ್ಶಬ್ದ ಬಂದಾಗ ಸೊನ್ನೆಯಿಂದ ಭಾಗಿಸುವ ಪಾಡು ಬರದಿರಲಿ ಅಂತ.

ತೂಕಗಳೆಲ್ಲ ಶುರುವಿನಲ್ಲಿ ಸೊನ್ನೆ ಇರಲಿ.

ಮೂರು ಸಂಖ್ಯೆ ಆರಿಸುವುದು

ಕೋಡ್ ಬರೆಯಲು ಹತ್ತು ನಿಮಿಷ ಸಾಕು. ತಲೆ ಕೆಡುವುದು ಈ ಮೂರರಲ್ಲಿ: ತೂಕ ಎಷ್ಟಿರಬೇಕು, ತಡ ಎಷ್ಟಿರಬೇಕು, ಸ್ಟೆಪ್ ಎಷ್ಟಿರಬೇಕು.

ತೂಕಗಳ ಸಂಖ್ಯೆ ನೋಡೋಣ. ಸ್ಯಾಂಪಲ್ ದರವನ್ನು ತೂಕಗಳ ಸಂಖ್ಯೆಯಿಂದ ಭಾಗಿಸಿದರೆ, ಫಿಲ್ಟರ್ ಎಷ್ಟು ಹತ್ತಿರದ ಎರಡು ಸ್ವರಗಳನ್ನು ಬೇರೆ ಮಾಡಬಲ್ಲದು ಅಂತ ಸುಮಾರಾಗಿ ಸಿಗುತ್ತದೆ. 2000 ದರಕ್ಕೆ 200 ತೂಕ ಅಂದರೆ 10 ಹರ್ಟ್ಸ್. ಮೋಟಾರಿನ 200 ಹರ್ಟ್ಸ್‌ಗೂ ಬ್ಲೋವರ್‌ನ 240ಕ್ಕೂ ನಡುವೆ ಬೇಕಾದಷ್ಟು ಜಾಗ ಇದೆ. ದರವನ್ನು 8000ದವರೆಗೆ ಮಾತ್ರ ಇಳಿಸಿದ್ದರೆ ಅದೇ 200 ತೂಕಕ್ಕೆ 40 ಹರ್ಟ್ಸ್ ಆಗುತ್ತಿತ್ತು. ಎರಡೂ ಸೇರಿ ಒಂದು ಗುಡ್ಡವಾಗಿ ಕಾಣುತ್ತಿತ್ತು.

ಗದ್ದಲದಿಂದ ಸ್ವರವನ್ನು ಎಷ್ಟು ಮೇಲೆತ್ತಬಹುದು ಅನ್ನುವುದೂ ತೂಕದ ಸಂಖ್ಯೆಯ ಮೇಲೇ ನಿಂತಿದೆ. ಗದ್ದಲ ಎಲ್ಲ ಫ್ರೀಕ್ವೆನ್ಸಿಯಲ್ಲೂ ಸಮನಾಗಿದ್ದರೆ, ಒಂದೇ ಸ್ವರವಿದ್ದರೆ, ಲಾಭ ತೂಕದ ಅರ್ಧದಷ್ಟು. 200 ತೂಕಕ್ಕೆ 100 ಪಟ್ಟು, ಅಂದರೆ 20 ಡೆಸಿಬಲ್. ಗದ್ದಲದ ಹತ್ತನೇ ಒಂದರಷ್ಟು ಶಕ್ತಿಯ ಸ್ವರ ಹೊರಬರುವಾಗ ಗದ್ದಲದ ಹತ್ತು ಪಟ್ಟು ಆಗಿರುತ್ತದೆ. ಇದು ಹೆಚ್ಚೆಂದರೆ ಸಿಗುವ ಲಾಭ. ನಿಜವಾದ ಮಿಲ್ಲಿನಲ್ಲಿ ಇಷ್ಟು ಸಿಗುವುದಿಲ್ಲ.

ಇನ್ನು ತಡ. ತಡ ಕಡಿಮೆಯಾದರೆ ಗದ್ದಲವೂ ಊಹೆಗೆ ಸಿಕ್ಕಿಬಿಡುತ್ತದೆ. ತಗಡಿನ ಡಕ್ಟಿಗೆ ಕಾಳು ಬಡಿದರೆ ಅದು ಒಂದೇ ಏಟಿಗೆ ಸುಮ್ಮನಾಗುವುದಿಲ್ಲ, ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ಆ ಗುಂಯ್ ಸಾಯುವವರೆಗೆ ಕಾಯಬೇಕು. ಎಷ್ಟು ಕಾಯಬೇಕು ಅಂತ ಊಹಿಸಬೇಡಿ, ರೆಕಾರ್ಡಿಂಗ್‌ನ ಆಟೋಕೋರಿಲೇಷನ್ ಗ್ರಾಫ್, ಅಂದರೆ ಧ್ವನಿ ತನ್ನದೇ ತಡವಾದ ಪ್ರತಿಯನ್ನು ಎಷ್ಟು ಹೋಲುತ್ತದೆ ಅನ್ನುವ ಗ್ರಾಫ್, ಹಾಕಿ ನೋಡಿ. ಮೊದಲು ಒಂದು ದೊಡ್ಡ ಗುಡ್ಡ, ಅದು ಕುಸಿಯುತ್ತಾ ಹೋಗುತ್ತದೆ. ಕುಸಿದ ಮೇಲೂ ಸಣ್ಣ ಅಲೆಯೊಂದು ಸಾಯದೆ ಓಡುತ್ತಲೇ ಇದ್ದರೆ ಹಿಗ್ಗಿ, ಸ್ವರ ಅಲ್ಲೇ ಇದೆ! ಗುಡ್ಡ ಮುಗಿಯುವ ಜಾಗವೇ ನಿಮ್ಮ ತಡ. ನನಗೆ ಅದು 20 ಮಿಲಿಸೆಕೆಂಡ್ ಹತ್ತಿರ, ಅಂದರೆ 40 ಸ್ಯಾಂಪಲ್‌ನಲ್ಲಿ ಮುಗಿಯಿತು. ಒಂದಿಷ್ಟು ಹೆಚ್ಚು ಇರಲಿ ಅಂತ 60 ಇಟ್ಟೆ. ಜಾಸ್ತಿ ಇಟ್ಟರೆ ಒಳ್ಳೆಯದಲ್ವಾ ಅಂತ 1000 ಇಡಬೇಡಿ. ಲೋಡ್ ಏರಿಳಿದಂತೆ ಸ್ವರ ಅಲುಗಾಡುತ್ತಿರುತ್ತದೆ. ಅರ್ಧ ಸೆಕೆಂಡ್ ಹಿಂದಿನ ಸ್ವರ ಈಗಿನದಕ್ಕೆ ತಾಳೆಯಾಗುವುದಿಲ್ಲ.

ಸ್ಟೆಪ್ ವಿಷಯದಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಸ್ಟೆಪ್ ದೊಡ್ಡದಿದ್ದರೆ ಬೇಗ ಕಲಿಯುತ್ತದೆ, ಆದರೆ ತೂಕಗಳು ಸದಾ ನಡುಗುತ್ತಿರುತ್ತವೆ. ಆ ನಡುಕವೇ ಹೊಸ ಗದ್ದಲ. ಅದು ಸುಮಾರಾಗಿ ಮೂಲ ಗದ್ದಲದ ಸ್ಟೆಪ್ ÷ (2 − ಸ್ಟೆಪ್) ಪಾಲು ಇರುತ್ತದೆ. 0.01 ಇಟ್ಟರೆ ಶೇ 0.5. ಇಷ್ಟೇ ತಾನೇ ಅನ್ನಬೇಡಿ. ಸ್ವರ ಗದ್ದಲದ ನೂರನೇ ಒಂದರಷ್ಟೇ ಇದ್ದರೆ, 200 ತೂಕದ ಫಿಲ್ಟರ್ ಅದರ ಎತ್ತರವನ್ನು ಅರ್ಧಕ್ಕೆ ಇಳಿಸಿಯೇ ಹೊರಬಿಡುತ್ತದೆ. ಶಕ್ತಿಯಲ್ಲಿ ಅದು ಕಾಲು ಭಾಗ, ಅಂದರೆ ಗದ್ದಲದ ಶೇ 0.25. ನಡುಕ ಸ್ವರದ ಎರಡರಷ್ಟಾಯಿತು! ಅಲ್ಲಿಗೆ 0.001ಕ್ಕೆ ಇಳಿಯಲೇಬೇಕು. ಆಗ ಕಲಿಯುವ ವೇಗ ಬೀಳುತ್ತದೆ. 2000 ದರದಲ್ಲಿ ಕಲಿಕೆಯ ಒಂದು ಹಂತಕ್ಕೆ ಸುಮಾರು 50 ಸೆಕೆಂಡ್, ಅಂಥ ಮೂರು ಹಂತ ದಾಟಿದರೆ ಹೆಚ್ಚುಕಡಿಮೆ ಪೂರ್ತಿ ಕಲಿತ ಹಾಗೆ. ಮೂರು ನಿಮಿಷ ರೆಕಾರ್ಡ್ ಮಾಡಿ ಅಂದದ್ದು ಇದಕ್ಕೇ. ಸ್ವರ ಸ್ವಲ್ಪ ಬಲವಾಗಿದ್ದರೆ, ಗದ್ದಲದ ಹತ್ತನೇ ಒಂದರಷ್ಟಿದ್ದರೆ, 0.003 ಇಡಿ. ಆಗ ಅದೇ ಹಂತ 3-4 ಸೆಕೆಂಡಿನಲ್ಲಿ ಮುಗಿಯುತ್ತದೆ. ನಾನು 0.003ರಿಂದ ಶುರು ಮಾಡಿ, ಚಿತ್ರ ಮಸುಕಾಗಿದ್ದರೆ ಇಳಿಸುತ್ತಾ ಹೋಗುತ್ತೇನೆ.

ಸುಳ್ಳು ಸ್ವರದಿಂದ ಪರೀಕ್ಷೆ

ಮಿಲ್ಲಿನ ಫೈಲ್ ಹಾಕುವ ಮೊದಲು ಕಂಪ್ಯೂಟರಿನಲ್ಲೇ ಸುಳ್ಳು ಗದ್ದಲ ಮಾಡಿ. ಪೈಥಾನಿನ ಲೆಕ್ಕದ ಲೈಬ್ರರಿ ನಂಪೈಯಲ್ಲಿ ವೇರಿಯನ್ಸ್ (ಇಲ್ಲಿ ಸರಾಸರಿ ಶಕ್ತಿ) 1 ಇರುವ ರ‍್ಯಾಂಡಮ್ ಸಂಖ್ಯೆಗಳು, ಅದಕ್ಕೆ 240 ಹರ್ಟ್ಸ್‌ನ, 0.45 ಎತ್ತರದ ಸೈನ್ ಅಲೆ ಕೂಡಿಸಿ. ಇದು ಗದ್ದಲದ ಹತ್ತನೇ ಒಂದರಷ್ಟು ಶಕ್ತಿ. ಗ್ರಾಫ್ ನೋಡಿದರೆ ಅಲೆ ಕಾಣುವುದೇ ಇಲ್ಲ. ಫಿಲ್ಟರ್ ಓಡಿಸಿದ ಮೇಲೆ ತೂಕಗಳನ್ನು ಸಾಲಾಗಿ ಪ್ಲಾಟ್ ಮಾಡಿ, ಅವೇ ಅಲೆಯಾಗಿ ನಿಂತಿರುತ್ತವೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿದಾಗ ಮೊದಲು ಬರುವ ಮಾತು, "ಸರ, ನಾವು 240 ಅಂತ ಎಲ್ಲೂ ಹೇಳಿಲ್ಲಲ್ರಿ!" ಹೊರಬಂದ ಸ್ವರದ ಎತ್ತರ ಮೂಲದ 0.91ರಷ್ಟು ಇರಬೇಕು. ತುಂಬಾ ದೂರ ಇದ್ದರೆ ಕೋಡಿನಲ್ಲಿ ಏನೋ ತಪ್ಪಿದೆ. ಹೆಚ್ಚಾಗಿ ತಡದ ಲೆಕ್ಕದಲ್ಲಿ ತಪ್ಪಾಗಿರುತ್ತದೆ. ತಡ ಸೊನ್ನೆಯಾಗಿಬಿಟ್ಟರೆ ಫಿಲ್ಟರ್ ಈಗಿನ ಸ್ಯಾಂಪಲ್ ನೋಡಿಕೊಂಡೇ ಈಗಿನ ಸ್ಯಾಂಪಲ್ 'ಊಹಿಸುತ್ತದೆ', ಪರೀಕ್ಷೆಯಲ್ಲಿ ಪಕ್ಕದವನ ಪೇಪರ್ ನೋಡಿ ಬರೆದ ಹಾಗೆ.

ಓದುವುದು, ನಂಬುವುದು

ಈಗ ಮಿಲ್ಲಿನ ಫೈಲ್ ಹಾಕಿ. ಪ್ರತಿ ಅರ್ಧ ಸೆಕೆಂಡಿಗೆ ತೂಕಗಳನ್ನು ತೆಗೆದು, ಹಿಂದೆ ಸೊನ್ನೆಗಳನ್ನು ಸೇರಿಸಿ, ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ಬಿಡಿಸಿ ತೋರಿಸುವ 4096 ಬಿಂದುಗಳ ಎಫ್‌ಎಫ್‌ಟಿ ಮಾಡಿ. ಬಿಂದುವಿಗೆ ಬಿಂದು ಅರ್ಧ ಹರ್ಟ್ಸ್ ಅಂತರ ಸಿಗುತ್ತದೆ. ಅವನ್ನು ಒಂದರ ಕೆಳಗೆ ಒಂದು ಬಣ್ಣದಲ್ಲಿ ಜೋಡಿಸಿದರೆ ಸ್ವರಗಳು ಮೇಲಿನಿಂದ ಕೆಳಗೆ ಇಳಿಯುವ ಗೆರೆಗಳಾಗಿ ಕಾಣುತ್ತವೆ.

ನನಗೆ ಮೊದಲು ಕಂಡದ್ದು 100, 200, 300ರ ಗೆರೆಗಳು. ಮೋಟಾರಿನವು. ಫಿಲ್ಟರ್‌ಗೆ ಯಾವ ಸ್ವರ ನಿಮಗೆ ಬೇಕು ಅಂತ ಗೊತ್ತಿಲ್ಲ, ಸಿಕ್ಕಿದ್ದನ್ನೆಲ್ಲ ತಂದು ಮುಂದಿಡುತ್ತದೆ. ಅವುಗಳ ನಡುವೆ ಒಂದು ಓರೆ ಗೆರೆ ಇತ್ತು. ಕಾಳು ಬಿಡುವ ಮೊದಲು 247ರಲ್ಲಿ, ಬಿಟ್ಟ ಮೇಲೆ ಮೆಲ್ಲಗೆ ಇಳಿಯುತ್ತಾ 240 ದಾಟಿ 229ಕ್ಕೆ ಬಂದು ನಿಂತಿತು.

ಇದನ್ನು ನಂಬುವುದು ಹೇಗೆ? ಬರೀ ಗದ್ದಲ ಕೊಟ್ಟರೂ ತೂಕಗಳ ಎಫ್‌ಎಫ್‌ಟಿಯಲ್ಲಿ ಅಲ್ಲಲ್ಲಿ ಚೂಪು ಏಳುತ್ತದೆ. ಅದಕ್ಕೇ ಬ್ಲೋವರ್ ನಿಲ್ಲಿಸಿದ ರೆಕಾರ್ಡಿಂಗ್ ಬೇಕಾಗಿದ್ದು. ಅದನ್ನೂ ಇದೇ ಮೂರು ಸಂಖ್ಯೆಗಳಲ್ಲಿ ಓಡಿಸಿ. 220ರಿಂದ 260ರ ನಡುವೆ ಎದ್ದ ಅತಿ ಎತ್ತರದ ಚೂಪು ಎಷ್ಟು ಅಂತ ಬರೆದುಕೊಳ್ಳಿ. ಅದಕ್ಕಿಂತ ಚೆನ್ನಾಗಿ ಮೇಲಿರುವುದನ್ನು ಮಾತ್ರ ಸ್ವರ ಅನ್ನಿ. ಅಲ್ಲಿ ನಮ್ಮ ಓರೆ ಗೆರೆ ಇರಲೇ ಇಲ್ಲ.

229 ಅಂದರೆ ಬ್ಲೋವರ್ 1717 ಆರ್‌ಪಿಎಂ. ಇರಬೇಕಾದ 1800ಕ್ಕಿಂತ ಶೇ 4.6 ಕಡಿಮೆ. ಮಾಲೀಕರು ಸುತ್ತು ಅಳೆಯುವ ಟ್ಯಾಕೋಮೀಟರ್ ತರಿಸಿ ಹಿಡಿದಾಗ 1720 ಬಂತು. ಮಿಲ್ಲು ನಿಲ್ಲಿಸಿ ಬೆಲ್ಟ್ ಬಿಚ್ಚಿದರೆ ಒಳಬದಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಬೆಲ್ಟ್ ಜಾರುತ್ತಿದ್ದುದರ ಗುರುತು ಅದು. ಹೊರಗಿನಿಂದ ನೋಡಿದರೆ ನಿಜಕ್ಕೂ ಛಲೋನೇ ಇತ್ತು.

ಎಫ್‌ಎಫ್‌ಟಿ ಸಾಲದೇ?

ನ್ಯಾಯವಾದ ಪ್ರಶ್ನೆ. ಸ್ವರ ಅಲುಗಾಡದೆ ನಿಂತಿದ್ದರೆ, ರೆಕಾರ್ಡಿಂಗ್ ಕೈಯಲ್ಲಿದ್ದರೆ, ಒಂದೊಂದು ಸೆಕೆಂಡಿನ ತುಂಡು ಮಾಡಿ ಎಫ್‌ಎಫ್‌ಟಿಗಳ ಸರಾಸರಿ ತೆಗೆಯುವುದೇ ಸುಲಭ. ಫಲಿತಾಂಶವೂ ಕಡಿಮೆ ಏನಲ್ಲ, ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಅಡಾಪ್ಟಿವ್ ಫಿಲ್ಟರ್‌ಗೆ ಬೆಲೆ ಬರುವುದು ಎರಡು ಕಡೆ. ಒಂದು, ಸ್ವರ ಮೆಲ್ಲಗೆ ಜಾರುತ್ತಿದ್ದು, ಅದನ್ನು ಆಗಿಂದಾಗಲೇ ಹಿಂಬಾಲಿಸಬೇಕಾದಾಗ. ಇನ್ನೊಂದು, ಸ್ವರವನ್ನು ಗದ್ದಲದಿಂದ ಬಿಡಿಸಿ ಹೆಡ್‌ಫೋನಿನಲ್ಲಿ ಕೇಳಬೇಕಾದಾಗ. ಕೆಲಸವೂ ಹಗುರ. 200 ತೂಕಕ್ಕೆ ಸ್ಯಾಂಪಲ್‌ಗೆ 400 ಗುಣಾಕಾರ, ಸೆಕೆಂಡಿಗೆ 8 ಲಕ್ಷ. ಇಎಸ್‌ಪಿ32ರಂಥ ಸಣ್ಣ ಬೋರ್ಡಿಗೂ ಇದು ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು. ಊಹೆಯನ್ನು ಮಾತ್ರ ಇಟ್ಟುಕೊಂಡು 'ತಪ್ಪು' ಫೈಲನ್ನು ಬಿಸಾಡಬೇಡಿ. ಬೇರಿಂಗ್ ಕೆಟ್ಟರೆ ಟಕ್ ಟಕ್ ಅನ್ನುವ ಏಟುಗಳು ಬರುತ್ತವೆ. ಒಳಗಿನ ಗುಂಡುಗಳು ಸ್ವಲ್ಪ ಜಾರುವುದರಿಂದ ಆ ಏಟುಗಳು ಗಡಿಯಾರದಷ್ಟು ನಿಖರವಾಗಿ ಬೀಳುವುದಿಲ್ಲ. ತಡ ಸಾಕಷ್ಟಿದ್ದರೆ ಫಿಲ್ಟರ್‌ಗೆ ಅವನ್ನು ಊಹಿಸಲು ಆಗುವುದಿಲ್ಲ. ಮೋಟಾರು, ರೆಕ್ಕೆ, ಎಲ್ಲದರ ಸ್ವರ ಕಳೆದ ಮೇಲೆ ಉಳಿದ 'ತಪ್ಪು' ಫೈಲಿನಲ್ಲೇ ಬೇರಿಂಗ್‌ನ ರೋಗ ಅಡಗಿ ಕೂತಿರುತ್ತದೆ.

ಬೆಲ್ಟ್ ಬದಲಿಸಿದ ಮೇಲೆ ಗೆರೆ 240ಕ್ಕೆ ಮರಳಿತು. ಈಗ ಮಾಲೀಕರು ಹಿಂದಿನ ಶೆಡ್ಡಿನ ಬ್ಲೋವರ್‌ಗೂ ನೋಡಿ ಅನ್ನುತ್ತಿದ್ದಾರೆ. ಮೋಟಾರು, ಪುಲ್ಲಿ ಅವೇ, ಆದರೆ ಅದಕ್ಕೆ 6 ರೆಕ್ಕೆ. ಲೋಡ್ ಇದ್ದಾಗ 180 ಹರ್ಟ್ಸ್, ಇಲ್ಲದಾಗ 186. ಮೋಟಾರಿನ 200 ಹರ್ಟ್ಸ್ ಗೆರೆಗೆ ಹದಿನಾಲ್ಕೇ ಹರ್ಟ್ಸ್ ದೂರ. 200 ತೂಕಕ್ಕೆ ಅದು ತೀರಾ ಇಕ್ಕಟ್ಟು. 400ಕ್ಕೆ ಏರಿಸಿ, ಐದು ನಿಮಿಷ ರೆಕಾರ್ಡ್ ಮಾಡಬೇಕು ಅಂದುಕೊಂಡಿದ್ದೇನೆ.